ಎಂಜಿನ್ ದೀಪದ ತಂತಿ ಕತ್ತರಿಸಿದವರಿಗೆ

ಗುಳೇದಗುಡ್ಡ ಸೀಮೆ
ಫೆಬ್ರವರಿ ೩೦, ೨೧೮೭

ಪೆಟ್ರೋಲ್ ಕಾರುಗಳ ಕಾಲದ ಹಿರಿಯರಿಗೆ,

ತಾರೀಖು ಬರೆಯುವಾಗ ನನ್ನ ಕೈ ತಪ್ಪಿಲ್ಲ. ತಿಂಗಳುಗಳನ್ನು ಸಮ ಮಾಡಿದ ಮೇಲೆ ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ. ಮುಂದೆಯೂ ನಿಮಗೆ ಗೊತ್ತಿಲ್ಲದ ಕೆಲವು ಮಾತುಗಳು ಬರುತ್ತವೆ, ಅಷ್ಟರ ಮಟ್ಟಿಗೆ ಕ್ಷಮೆ ಇರಲಿ. ಉಳಿದ ಯಾವುದಕ್ಕೂ ನಾನು ಕ್ಷಮೆ ಕೇಳುವವಳಲ್ಲ. ಕೇಳಬೇಕಾದವರು ನೀವು.

ನನ್ನ ಹೆಸರು ಗೌರವ್ವ ಬಣ್ಣದ. ತಂಗಿ ಇಂದ್ರವ್ವ ಕುಬಸದ ಖಣ ನೇಯುವವಳು. ಈ ಸೀಮೆಯಲ್ಲಿ ಅವಳಷ್ಟು ನವಿರಾಗಿ ಅಂಚು ನೇಯುವವರು ಇನ್ನೊಬ್ಬರಿರಲಿಲ್ಲ. ನಾವು ಓಡಾಡುವುದು ಮಿಂದಾರಿಗಳ ಮೇಲೆ. ಡಾಂಬರಿನ ಅಡಿಯಲ್ಲಿ ವಿದ್ಯುತ್ ಹರಿಯುವ ರಸ್ತೆಗೆ ನಾವು ಹಾಗೆನ್ನುತ್ತೇವೆ. ಮೇಲೆ ನಿಂತ ಬಂಡಿಗೆ ಕೆಳಗಿನಿಂದಲೇ ಶಕ್ತಿ ಸಿಗುತ್ತದೆ. ಔಷಧ ಬೇಕಾದರೆ ಬಾಗಲಕೋಟೆಯಿಂದ ಮದ್ದಿನ ಹಕ್ಕಿ, ಅಂದರೆ ಆಳಿಲ್ಲದ ಪುಟ್ಟ ವಿಮಾನ, ಹಾರಿಬಂದು ಅಂಗಳದಲ್ಲಿ ಇಳಿಯುತ್ತದೆ. ಎಲ್ಲವೂ ಸುಖವೇ, ಕೆಂಧೂಳಿ ಏಳುವವರೆಗೆ. ಸಂಕ್ರಾಂತಿ ಮುಗಿಯುತ್ತಲೇ ಕೆಂಪು ಧೂಳು ಎದ್ದು ಸೂರ್ಯನನ್ನು ಮುಚ್ಚಿತೆಂದರೆ ಬಿಸಿಲಿನ ವಿದ್ಯುತ್ ನಿಲ್ಲುತ್ತದೆ, ಮಿಂದಾರಿ ಸಾಯುತ್ತದೆ, ಹಕ್ಕಿಯೂ ಹಾರುವುದಿಲ್ಲ.

ಅಂಥ ದಿನಗಳಿಗೆಂದೇ ಊರಿನವರೆಲ್ಲ ಸೇರಿ ನಿಮ್ಮ ಕಾಲದ ಒಂದು ಪೆಟ್ರೋಲ್ ಕಾರು ಇಟ್ಟುಕೊಂಡಿದ್ದೆವು. ಕಲ್ಲುಗಣಿಯ ಹಳೆಯ ಷೆಡ್ಡಿನಲ್ಲಿ, ಬಾಗಿಲಿಗೆ ಗೋಡೆ ಕಟ್ಟಿ ಯಾರೋ ಮುಚ್ಚಿಟ್ಟಿದ್ದ ಕಾರು ಅದು. ಅದನ್ನು ಹೊರತೆಗೆದವನು ಹುಸೇನಸಾಬ ನದಾಫ. ನೀರಿನ ಪಂಪುಗಳನ್ನು ನೋಡಿಕೊಳ್ಳುವ ಅವನು ಟೈರು, ಬ್ಯಾಟರಿ, ರಬ್ಬರ್ ಕೊಳವೆಗಳನ್ನೆಲ್ಲ ಹೊಸದಾಗಿ ಮಾಡಿಸಿದ. ಜೋಳದ ದಂಟಿನಿಂದ ಭಟ್ಟಿ ಇಳಿಸಿದ ದಂಟೆಣ್ಣೆಯನ್ನು ಪೆಟ್ರೋಲಿನ ಬದಲು ತುಂಬಿದ. ಎಂಜಿನ್ನಿನ ಒಳಗೆ ಕೈ ಹಾಕಲಿಲ್ಲ. ಕಾರಣ, ನೀವೇ ಮಾಡಿದ ಏರ್ಪಾಡು. ಒಳಗೆ ತೊಂದರೆಯಿದ್ದರೆ ಮುಂದಿನ ಫಲಕದಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹೊತ್ತಿಕೊಳ್ಳಬೇಕು, ಎಂಜಿನ್ ಮಿಸ್ ಹೊಡೆದರೆ, ಅಂದರೆ ಯಾವುದಾದರೂ ಸಿಲಿಂಡರಿನಲ್ಲಿ ಕಿಡಿ ತಪ್ಪಿದರೆ, ಮಿಣುಕಬೇಕು. ಕೀಲಿ ತಿರುಗಿಸಿದಾಗ ಅದು ಉಳಿದ ದೀಪಗಳ ಜೊತೆ ಹೊತ್ತಿ, ಸ್ಟಾರ್ಟ್ ಆದ ಮೇಲೆ ಆರುತ್ತಿತ್ತು. ನಾವು ನಂಬಿದೆವು. ಸಮತಟ್ಟು ದಾರಿಯಲ್ಲಿ ಖಾಲಿ ಓಡಿಸಿದಾಗ ಕಾರು ನೀರು ಹರಿದಂತೆ ಹೋಯಿತು.

ಈ ಸಲದ ಕೆಂಧೂಳಿಯಲ್ಲಿ, ಮಧ್ಯಾಹ್ನ, ನೂಲಿನ ಕಟ್ಟು ಎತ್ತಲು ಹೋದ ಇಂದ್ರವ್ವನ ಬಲಗೈಗೆ ಕೊಳಕುಮಂಡಲ ಹಾವು ಕಚ್ಚಿತು. ನೋಡನೋಡುತ್ತಲೇ ಬೆರಳುಗಳು ಊದಿಕೊಂಡವು. ವಿಷಕ್ಕೆ ಮದ್ದು ಇರುವುದು ಬಾಗಲಕೋಟೆಯಲ್ಲಿ. ಹುಸೇನಸಾಬ ಕಾರು ತಂದ. ಇಂದ್ರವ್ವನನ್ನು ಹಿಂದಿನ ಸೀಟಿನಲ್ಲಿ ಒರಗಿಸಿ, ಕೈ ಅಲುಗದಂತೆ ಹಲಗೆ ಕಟ್ಟಿ, ನಾನು ಪಕ್ಕದಲ್ಲಿ ಕೂತೆ.

ಗುಡ್ಡದ ಏರು ಶುರುವಾಗುತ್ತಲೇ ಕಾರು ಜಗ್ಗತೊಡಗಿತು. ಆಕ್ಸಿಲರೇಟರ್ ಒತ್ತಿದರೆ ಮುಂದೆ ಹಾರುವುದು, ತಕ್ಷಣ ಯಾರೋ ಹಿಂದಿನಿಂದ ಹಿಡಿದೆಳೆದಂತೆ ನಿಲ್ಲುವುದು. ಪ್ರತಿ ಜಗ್ಗಿಗೂ ತಂಗಿಯ ಬಾಯಿಂದ ನರಳಾಟ. ದೀಪ ಮಾತ್ರ ತಣ್ಣಗಿತ್ತು. ದೀಪ ಹೊತ್ತಿಲ್ಲವೆಂದ ಮೇಲೆ ಕಿಡಿಯ ಕಡೆ ದೋಷವಿಲ್ಲ, ದಂಟೆಣ್ಣೆಯಲ್ಲೇ ನೀರು ಸೇರಿರಬೇಕು ಎಂದು ಹುಸೇನಸಾಬ ಲೆಕ್ಕ ಹಾಕಿದ. ಕಾರು ನಿಲ್ಲಿಸಿ, ಕೊಳವೆ ಬಿಚ್ಚಿ ಎಣ್ಣೆ ಹರಿಸಿ ನೋಡಿದ, ಶುದ್ಧವಾಗಿತ್ತು. ಫಿಲ್ಟರ್ ಬಿಚ್ಚಿದ, ಅದೂ ಶುದ್ಧ. ಗಾಳಿಯ ದಾರಿ ಬಿಚ್ಚಿ ಧೂಳು ಕೊಡವಿದ. ಮತ್ತೆ ಹೊರಟೆವು, ಮತ್ತೆ ಜಗ್ಗಿತು. ಅಷ್ಟರಲ್ಲಿ ಇಂದ್ರವ್ವನ ಒಸಡಿನಿಂದ ರಕ್ತ ಜಿನುಗುತ್ತಿತ್ತು. ಹಾಗೆ ಕಳೆದುಹೋದ ಹೊತ್ತು ಯಾರ ಲೆಕ್ಕಕ್ಕೆ ಸೇರಬೇಕು ಎಂದು ಓದುತ್ತಲೇ ನೀವು ಯೋಚಿಸಬೇಕು.

ಕೊನೆಗೆ ಹುಸೇನಸಾಬ ದೀಪದ ಮಾತು ಬಿಟ್ಟು ಎಂಜಿನ್ನಿನ ಮಾತು ಕೇಳಿದ. ಎಂಜಿನ್ ಓಡುತ್ತಿದ್ದಂತೆಯೇ, ಪ್ರತಿ ಸಿಲಿಂಡರಿನ ಕಿಡಿಗೆ ಶಕ್ತಿ ಕೊಡುವ ಕಾಯಿಲ್‌ಗಳ ತಂತಿಯನ್ನು ಒಂದೊಂದಾಗಿ ಕಳಚಿ ನೋಡಿದ. ಕಳಚಿದಾಗ ಎಂಜಿನ್ ಇನ್ನಷ್ಟು ನಡುಗಿದರೆ ಆ ಸಿಲಿಂಡರ್ ಕೆಲಸ ಮಾಡುತ್ತಿತ್ತೆಂದು ಅರ್ಥ. ಮೂರನೆಯದನ್ನು ಕಳಚಿದಾಗ ಏನೂ ಬದಲಾಗಲಿಲ್ಲ. ಆ ಕಾಯಿಲ್ ತೆಗೆದು ಎರಡನೆಯದರ ಜಾಗಕ್ಕೆ ಹಾಕಿದ. ಈಗ ಎರಡನೆಯ ಸಿಲಿಂಡರ್ ಸತ್ತಿತು, ಮೂರನೆಯದು ಎದ್ದಿತು. ಕಾಯಿಲ್ಲಿನದೇ ದೋಷವೆಂದು ಖಾತ್ರಿಯಾಯಿತು. ಪ್ಲಗ್ಗಿನ ಮೇಲೆ ಕೂರುವ ಅದರ ಕಾಲು ಬಿರುಕು ಬಿಟ್ಟು, ಹಳೆಯ ಎಂಜಿನ್ ಆಯಿಲ್ ಕುಡಿದು ಕರ್ರಗಾಗಿತ್ತು. ಬೇರೆ ಕಾಯಿಲ್ ನಮ್ಮಲ್ಲಿರಲಿಲ್ಲ. ಸುಡದ ದಂಟೆಣ್ಣೆ ಹೊಗೆಕೊಳವೆಗೆ ಹೋಗಿ ಬೆಂಕಿಯಾಗದಿರಲೆಂದು ಸತ್ತ ಸಿಲಿಂಡರಿಗೆ ಎಣ್ಣೆ ಚಿಮ್ಮುವ ಇಂಜೆಕ್ಟರಿನ ತಂತಿಯನ್ನೂ ಕಳಚಿದ. ಉಳಿದ ಮೂರು ಸಿಲಿಂಡರುಗಳ ಮೇಲೆ ಗುಡ್ಡ ದಾಟಬೇಕಿತ್ತು.

ಏರಿಗೆ ಕಾರಿನ ಶಕ್ತಿ ಸಾಲಲಿಲ್ಲ. ನಾನು ಇಳಿದು ಹಿಂದಿನಿಂದ ನೂಕಿದೆ. ಚಕ್ರ ಉರುಳಿತು. ಹುಸೇನಸಾಬ ಕಿಟಕಿಯಿಂದ ತಲೆ ಹೊರಹಾಕಿ, "ಗೌರವ್ವಾ, ನಿಂದ್ರಿಸಿದ್ರ ಮತ್ತ ಏರೂದಿಲ್ಲ. ನಿನ್ನ ಬಿಟ್ಟು ಹೊಂಟೆ" ಅಂದ.

"ಹೋಗಣ್ಣಾ. ಹಿಂದ ನೋಡಬ್ಯಾಡ" ಅಂದೆ.

ಕಾರು ಧೂಳಿನೊಳಗೆ ಕರಗಿತು. ನರಳಾಟ ಕೇಳುವಷ್ಟು ಹೊತ್ತು ಕೇಳಿತು, ಆಮೇಲೆ ಅದೂ ಇಲ್ಲ. ಸೆರಗನ್ನು ಮೂಗಿಗೆ ಕಟ್ಟಿಕೊಂಡು, ಸತ್ತ ಮಿಂದಾರಿಯ ಅಂಚು ಹಿಡಿದು ನಾನು ಬಾಗಲಕೋಟೆಯ ಕಡೆ ನಡೆದೆ. ತಂಗಿ ಇದ್ದಾಳೋ ಇಲ್ಲವೋ ತಿಳಿಯದೆ ನಡೆಯುವುದು ಏನೆಂದು ನಿಮಗೆ ಬರೆದು ತಿಳಿಸಲಾರೆ.

ಅವಳು ಬದುಕಿದಳು. ಬಲಗೈಯ ಮೂರು ಬೆರಳು ಉಳಿಯಲಿಲ್ಲ. ನಾನು ತಲುಪಿದಾಗ ಅಲ್ಲಿನ ಆಸ್ಪತ್ರೆಯ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದು, ವಿಷ ಮಾಂಸ ತಿನ್ನುವ ಮೊದಲೇ ಬಂದಿದ್ದರೆ ಬೆರಳು ಉಳಿಸಬಹುದಿತ್ತು ಎಂದರು. ಎಳೆ ಹಿಡಿಯುವ ಬೆರಳುಗಳೇ ಅವು.

ಊರಿಗೆ ಮರಳಿದ ಮೇಲೆ ಹುಸೇನಸಾಬ ಫಲಕ ಬಿಚ್ಚಿ ನನ್ನನ್ನು ಕರೆದ. ಎಂಜಿನ್ ದೀಪಕ್ಕೆ ಬರುವ ತಂತಿಯನ್ನು ಯಾರೋ ಕತ್ತರಿಸಿ, ದೀಪವನ್ನು ಪಕ್ಕದ ಆಯಿಲ್ ಒತ್ತಡ ತೋರಿಸುವ ದೀಪದ ತಂತಿಗೆ ಬೆಸೆದು, ಮೇಲೆ ಕರಿ ಟೇಪು ಸುತ್ತಿದ್ದರು. ಅದಕ್ಕೇ ಅದು ಉಳಿದವುಗಳ ಜೊತೆ ಹೊತ್ತುತ್ತಿತ್ತು, ಜೊತೆಗೇ ಆರುತ್ತಿತ್ತು. ಹುಸೇನಸಾಬ ತಂತಿಯ ತುದಿಯನ್ನು ಬೆಳಕಿಗೆ ಹಿಡಿದು, "ಇದು ಇಲಿ ಕಡದದ್ದಲ್ಲ. ಕತ್ತರಿ ಕೆಲಸ" ಅಂದ.

ನಿಮ್ಮ ಕಾಲದಲ್ಲಿ ಆ ಕಾರು ಜಗ್ಗಿತ್ತು, ದೀಪವೂ ಮಿಣುಕಿತ್ತು. ಕಾಯಿಲ್ ಬದಲಿಸುವುದು ಬಿಟ್ಟು ನಿಮ್ಮಲ್ಲೊಬ್ಬರು ದೀಪದ ಬಾಯಿ ಕಟ್ಟಿದರು, ಬಹುಶಃ ಕೆಟ್ಟ ಕಾರನ್ನು ಇನ್ನೊಬ್ಬರ ತಲೆಗೆ ಕಟ್ಟಲಿಕ್ಕೆ. ಸುಮ್ಮನೆ ಟೇಪು ಅಂಟಿಸಿದ್ದರೆ ಸೋಮಾರಿತನ ಎನ್ನುತ್ತಿದ್ದೆ. ಇದು ಕೂತು, ಯೋಚಿಸಿ, ಕೌಶಲದಿಂದ ಮಾಡಿದ ಕೆಲಸ. ಅಷ್ಟು ಕೌಶಲ ಇದ್ದ ಕೈಗೆ ಕಾಯಿಲ್ ಬದಲಿಸುವುದು ಎಷ್ಟರ ಕೆಲಸ? ಮುಂದೆ ಆ ಸೀಟಿನಲ್ಲಿ ಯಾರು ಕೂರುತ್ತಾರೆ, ಯಾವ ಏರು ಹತ್ತುತ್ತಾರೆ ಎಂಬ ಪ್ರಶ್ನೆ ಒಮ್ಮೆಯೂ ಬರಲಿಲ್ಲವೆ?

ಈಗ ನನ್ನ ಬೇಡಿಕೆ. ನಿಮ್ಮ ಕಾರು ಜಗ್ಗಿದರೆ ಇಂದೇ ಗ್ಯಾರೇಜಿಗೆ ಒಯ್ಯಿರಿ. ಪ್ಲಗ್, ಕಾಯಿಲ್, ಇಂಜೆಕ್ಟರ್ ಒಂದೊಂದಾಗಿ ನೋಡಿಸಿ. ಮಾಡಿಸಲು ಮನಸ್ಸಿಲ್ಲದಿದ್ದರೆ ದೀಪ ಉರಿಯುತ್ತಿರಲಿ. ನಿಮ್ಮ ನಂತರ ಬರುವವರಿಗೆ ಅದು ಅಷ್ಟಾದರೂ ನಿಜ ಹೇಳಲಿ.

ಈ ಪತ್ರ ಬರೆಯುತ್ತಿದ್ದೇನೆಂದು ತಿಳಿದಾಗ ಇಂದ್ರವ್ವ, ಎಡಗೈಯಿಂದ ಲಾಳಿ ಎಸೆಯುವುದನ್ನು ಕಲಿಯುತ್ತ, "ಬೈದು ಬರೀಬ್ಯಾಡಕ್ಕಾ, ಸತ್ತು ಹೋದೋರು" ಅಂದಳು. ಅವಳು ನನಗಿಂತ ದೊಡ್ಡ ಮನಸ್ಸಿನವಳು. ಆದರೆ ಇದನ್ನು ಓದುತ್ತಿರುವ ನೀವು ಇನ್ನೂ ಸತ್ತಿಲ್ಲ.

ಗೌರವ್ವ ಬಣ್ಣದ