ಸಕ್ಕರೆ ಇಳಿದ ಮೇಲೆ ಸೂಜಿ

ನೆರೆದಿರುವ ಮಹಾಜನರೇ! ಅಕ್ಕನ ಮಂಚದ ಸುತ್ತ ಕುಳಿತವರೇ, ಬಾಗಿಲಿಗೆ ಒರಗಿ ನಿಂತವರೇ, ಅಡುಗೆಮನೆಯಿಂದಲೇ ಕಿವಿಗೊಟ್ಟವರೇ, ಗದ್ದಲ ಮಾಡದೆ ಆಲಿಸಿ! ಕಾಗದ ಓದುತ್ತಿರುವ ಅಕ್ಕನ ಮಗಳೇ, ನಿನ್ನ ಮೆಲುದನಿ ಇಲ್ಲಿ ನಡೆಯದು. ಇದು ನಿನ್ನ ಮಾವನ ಕಾಗದ. ಎದೆಯುಬ್ಬಿಸಿ, ಗೋಡೆ ಅದುರುವಂತೆ ಓದು.

ಪ್ರೀತಿಯ ಅಕ್ಕಾ,

ನಾನು ನಿನ್ನ ತಮ್ಮ. ಸೋಫಾ ಹೊಲಿಯುವವನು. ನೀನು ನಗಾರಿ ಎಂದು ಕರೆಯುತ್ತಿದ್ದವನು. ಕಳೆದ ವಾರ ಫೋನಿನಲ್ಲಿ ನನ್ನ ಮಾತನ್ನೆಲ್ಲ ಕೇಳಿಸಿಕೊಂಡು, ಕೊನೆಗೆ "ತಾವು ಯಾರು, ಗೊತ್ತಾಗ್ಲಿಲ್ಲ" ಅಂದೆಯಲ್ಲ, ಅದಕ್ಕೇ ಪರಿಚಯದಿಂದ ಶುರುಮಾಡುತ್ತಿದ್ದೇನೆ.

ಅಪ್ಪ ನಾಟಕದ ಕಂಪನಿಯಲ್ಲಿ ಪರದೆಗಳ ಮೇಲೆ ಚಿತ್ರ ಬರೆಯುತ್ತಿದ್ದ. ಸುತ್ತಿಟ್ಟ ಅರಮನೆ, ಸುತ್ತಿಟ್ಟ ಕಾಡು, ಸುತ್ತಿಟ್ಟ ಸೆರೆಮನೆಗಳ ನಡುವೆ ನಾವು ಬೆಳೆದೆವು. ನಾನು ಬಾಲರಾಜಕುಮಾರ. ಸೆರೆಮನೆಯ ದೃಶ್ಯದಲ್ಲಿ ಅಳಬೇಕು, ಹಾಳಾದ ಅಳು ಬಾರದು. ನೀನು ಪರದೆಯ ಹಿಂದಿನಿಂದ ಕೈ ತೂರಿಸಿ ತೊಡೆ ಚಿವುಟುತ್ತಿದ್ದೆ. ನಾನು ಊಳಿಡುತ್ತಿದ್ದೆ, ಜನ ಕಣ್ಣೊರೆಸಿಕೊಳ್ಳುತ್ತಿದ್ದರು. ಆಹಾ, ಎಂಥ ನಟ ಎಂದು ಹೊಗಳಿಕೆ ನನಗೆ!

ಈಗ ಚಿವುಟುವವರು ಬೇಕಿಲ್ಲ ಅಕ್ಕಾ. ಸೊಂಟದಲ್ಲಿ ನರವೊಂದು ಸಿಕ್ಕಿಹಾಕಿಕೊಂಡಿದೆ. ಮೂರು ಜನ ಕೂರುವ ಸೋಫಾವನ್ನು ಒಬ್ಬನೇ ಎತ್ತಿದ ಶೌರ್ಯದ ಫಲ. ಅಲ್ಲಿಂದ ಹೊರಟ ನೋವು ಪಿರ್ರೆ, ತೊಡೆ, ಮೀನಖಂಡ ದಾಟಿ ಕಿರುಬೆರಳ ತುದಿಯವರೆಗೆ ಕಾದ ತಂತಿ ಎಳೆದಂತೆ ಓಡುತ್ತದೆ. ನಿಂತರೆ ತಡೆಯಬಹುದು, ಮಲಗಿದರೆ ಇನ್ನೂ ವಾಸಿ. ಕೂತೆನೋ, ಕೆಟ್ಟೆ. ಊರಿನವರನ್ನೆಲ್ಲ ಮೆತ್ತಗೆ ಕೂರಿಸಿದವನು ಅಡುಗೆಕಟ್ಟೆಯ ಮುಂದೆ ನಿಂತು ಉಣ್ಣುತ್ತೇನೆ. ಅಂಗಡಿಗೆ ಬಂದ ಗಿರಾಕಿ "ಕೂತ್ಕೊಂಡು ತೋರಿಸ್ರೀ, ಸ್ಪ್ರಿಂಗ್ ಹೇಗಿದೆ ನೋಡೋಣ" ಅಂದರೆ ನನ್ನ ಹೆಂಡತಿ, ನಿನ್ನ ನಾದಿನಿ, ಓಡಿಬಂದು ಕೂತು ತೋರಿಸುತ್ತಾಳೆ. "ನಮ್ಮೋರು ನಿಂತೇ ಇರ್ತೀನಿ ಅಂತ ವ್ರತ ಹಿಡ್ದಿದ್ದಾರೆ" ಎಂದು ನಗಿಸಿ ಕಳಿಸುತ್ತಾಳೆ.

ಬೆನ್ನಿಗೆ ಸೂಜಿ ಹಾಕಿಸಿಕೊಂಡ ಕಥೆ ನಿನಗೆ ಹೇಳಿದ್ದೆ. ಮರೆತಿದ್ದರೆ ಇನ್ನೊಮ್ಮೆ ಕೇಳು. ಹೊಟ್ಟೆಯಡಿ ದಿಂಬಿಟ್ಟು ಬೋರಲು ಮಲಗಿಸಿದರು. ಎಕ್ಸ್‌ರೇ ಯಂತ್ರ ಮೇಲಿಂದ ಕತ್ತು ಬಾಗಿಸಿ ನನ್ನ ಮೂಳೆಗಳನ್ನು ಪರದೆಯ ಮೇಲೆ ಆಡಿಸುತ್ತಿತ್ತು. ನಾನು ಭಯಕ್ಕೆ ಹಳೆಯ ನಾಟಕದ ಮಾತು ಒದರತೊಡಗಿದೆ. ಡಾಕ್ಟರಮ್ಮ "ಯಜಮಾನ್ರೇ, ನೀವು ಕೂಗಿದ್ರೆ ನಿಮ್ ಬೆನ್ನೂ ಕೂಗುತ್ತೆ. ಸೂಜಿ ಎಲ್ಲಿಗೆ ಹಾಕ್ಲಿ?" ಅಂದಳು. ನಗಾರಿ ಜೀವಮಾನದಲ್ಲಿ ಮೊದಲ ಸಲ ಬಾಯಿ ಮುಚ್ಚಿತು.

ಆ ಸಂಜೆ ನೋವೇ ಇಲ್ಲ! ನಾನೇ ಹೊಲಿದ ಸೋಫಾದಲ್ಲಿ ಕಾಲಮೇಲೆ ಕಾಲು ಹಾಕಿ ಕೂತು ನಿನಗೆ ಫೋನು ಮಾಡಿ, "ನಾಡಿದ್ದು ಬಂದೆ ಅಕ್ಕಾ!" ಎಂದು ಗುಡುಗಿದೆ. "ಬರೀ ಬೊಗಳೆ ಬಿಡ್ಬೇಡ, ಬಾರೋ" ಅಂದೆ ನೀನು. ಆಗ ನಿನಗೆ ನನ್ನ ಗುರುತಿತ್ತು.

ಮರುದಿನ ನೋವು ಮೊದಲಿಗಿಂತ ಠೀವಿಯಿಂದ ಪ್ರವೇಶಿಸಿತು. ಸಂಜೆಯ ಸುಖ ಬರೀ ಮರಗಟ್ಟಿಸುವ ಮದ್ದಿನದಂತೆ. ಸ್ಟಿರಾಯ್ಡ್ ಕೆಲಸ ಶುರುಮಾಡಲು ದಿನಗಳು ಹಿಡಿಯುತ್ತವಂತೆ. ಶುರುವಾದಾಗ ನೋವನ್ನು ಕೊಂಚ ಇಳಿಸಿತು, ರಕ್ತದ ಸಕ್ಕರೆಯನ್ನು ಮಾತ್ರ ಅಟ್ಟಕ್ಕೇರಿಸಿತು. ಇನ್ನೊಂದು ಸೂಜಿ ಬೇಕು ಎಂದು ನಾನು ಹೋಗಿ ನಿಂತೆ. "ಸಕ್ಕರೆ ಇಳಿದ್ಮೇಲೆ ಸೂಜಿ" ಅಂದಳು ಡಾಕ್ಟರಮ್ಮ. ಇಳಿಯುವುದು ಹೇಗೆ? "ಮಾತ್ರೆ ಬದಲಾಯಿಸಿದ್ದೀನಿ, ಊಟ ಕಟ್ಟುನಿಟ್ಟು, ದಿನಾ ನಡೀರಿ." ನಡೆಯುವುದು ಹೇಗೆ ತಾಯೀ, ಸೂಜಿ ಇಲ್ಲದೆ? ಅವಳು ನಗಲು ಹೋಗಿ, ನನ್ನ ಮುಖ ನೋಡಿ, "ಒಂದೆರಡು ತಿಂಗ್ಳು ತಾಳ್ಕೊಳ್ಳಿ" ಅಂದಳು.

ನೋಡಿದೆಯಾ ಅಕ್ಕಾ, ಸೆರೆಮನೆಯನ್ನು! ನಡೆದರೆ ಸಕ್ಕರೆ ಇಳಿಯುತ್ತದೆ, ಸಕ್ಕರೆ ಇಳಿದರೆ ಸೂಜಿ, ಸೂಜಿ ಬಿದ್ದರೆ ನಡಿಗೆ. ಎತ್ತ ತಿರುಗಿದರೂ ಅದೇ ಗೋಡೆ. ಅಪ್ಪನ ಸೆರೆಮನೆಯನ್ನು ದೃಶ್ಯ ಮುಗಿದ ಮೇಲೆ ಸುತ್ತಿ ಎತ್ತುತ್ತಿದ್ದರು. ಇದನ್ನು ಎತ್ತುವವರಿಲ್ಲ. ಹಗಲೆಲ್ಲ ಬಸ್ಸಿನಲ್ಲಿ ಕೂತು ಬರಬೇಕಾದ ಊರಿನಲ್ಲಿ ನೀನಿದ್ದೀಯ. ನಾನು ಅಂಗಡಿಯ ನೆಲದ ಮೇಲೆ, ಸೋಫಾದ ಕಾಲುಗಳ ನಡುವೆ ಅಂಗಾತ ಮಲಗಿ, ಎಲ್ಲರ ಆಸನಗಳ ಅಡಿಭಾಗ ನೋಡುತ್ತಾ ಯೋಚಿಸುತ್ತೇನೆ. ಒಂದೆರಡು ತಿಂಗಳು ನಾನು ತಾಳಿಕೊಂಡೇನು. ನಿನ್ನ ನೆನಪು ತಾಳಿಕೊಳ್ಳುತ್ತದೆಯೇ? ಮೊದಲು ಪಕ್ಕದ ಮನೆಯವರ ಹೆಸರು ಹೋಯಿತಂತೆ, ಆಮೇಲೆ ಭಾವ ತೀರಿಕೊಂಡದ್ದು, ಈಗ ನಾನು. ಪೂರ್ತಿ ವಾಸಿಯಾಗಿ, ನೆಟ್ಟಗೆ ಕೂತು ಬಂದು ನಿನ್ನೆದುರು ನಿಂತಾಗ, ಯಾವನೋ ದಾರಿಹೋಕನಿಗೆ ಕೊಡುವಂತೆ ನನಗೆ ನೀರು ಕೊಟ್ಟು ಕಳಿಸಿಬಿಟ್ಟರೆ?

ನಿನ್ನೆ ಇದನ್ನೇ ಹಲುಬುತ್ತಿದ್ದೆ. ನಿನ್ನ ನಾದಿನಿ ಹೊಲಿಗೆ ಯಂತ್ರ ನಿಲ್ಲಿಸಿ, "ಎಂತೆಂಥಾ ಮುರುಕಲು ಸೋಫಾನೆಲ್ಲ ಗಾಡೀಲಿ ಹೊತ್ಕೊಂಡು ಹೋಗ್ತೀವಿ. ಇದೊಂದು ಮುರುಕಲು ಹೆಚ್ಚಾಗುತ್ತಾ?" ಅಂದಳು. ನನಗೆ ಸಿಟ್ಟೇ ಬಂತು. ರಾಜಪಾತ್ರದವನನ್ನು ಸಾಮಾನಿನಂತೆ ಸಾಗಿಸುವುದೇ! ಅವಳು ಕಿವಿಗೇ ಹಾಕಿಕೊಳ್ಳದೆ ಡಾಕ್ಟರಮ್ಮನಿಗೆ ಫೋನು ಮಾಡಿದಳು. "ಮಲಗಿಕೊಂಡೇ ಹೋಗೋದಾದ್ರೆ ಹೋಗ್ಲಿ. ಆಗಾಗ ಇಳಿಸಿ ನಾಲ್ಕು ಹೆಜ್ಜೆ ಹಾಕಿಸಿ. ಕಾಲು ಸ್ವಾಧೀನ ತಪ್ಪಿದ್ರೆ, ಮೂತ್ರ ಕಟ್ಟಿದ್ರೆ ಮಾತ್ರ ಸೀದಾ ಆಸ್ಪತ್ರೆಗೆ" ಎಂದು ಅಪ್ಪಣೆಯಾಯಿತು.

ನೋವು ಹೋಗಿಲ್ಲ ಅಕ್ಕಾ, ಸಕ್ಕರೆ ಇಳಿದಿಲ್ಲ, ಸೂಜಿಯೂ ಇಲ್ಲ. ಗಾಡಿಯ ಡಬ್ಬದೊಳಗೆ ಕಿಟಕಿಯಿಲ್ಲ. ಒಂದು ಪೆಟ್ಟಿಗೆಯಿಂದ ಇನ್ನೊಂದಕ್ಕೆ ಹೋಗುತ್ತಿದ್ದೇನೆ, ಅಷ್ಟೆ. ಆದರೆ ಈ ಪೆಟ್ಟಿಗೆ ನಿನ್ನ ಬಾಗಿಲಿಗೆ ಬರುತ್ತದೆ.

ನೀನು ಸುಖವಾಗಿರು. ನಾನು ಬರುವವರೆಗೆ ಇನ್ಯಾರನ್ನೂ ಮರೆಯಬೇಡ.

ನಿನ್ನ ಆಶೀರ್ವಾದ ಬೇಡುವ,
ತಮ್ಮ, ನಗಾರಿ

ಮನೆಯವರ ಗಮನಕ್ಕೆ: ಈ ಕಾಗದ ತರುತ್ತಿರುವ ಗಾಡಿಯವನೇ, ಕಾಗದ ಕೊಟ್ಟ ಮರುದಿನ ಮರಳಿ ನನ್ನಲ್ಲಿಗೆ ಬರುತ್ತಾನೆ. ಅದರ ಮಾರನೆಯ ಬೆಳಿಗ್ಗೆ, ಬೆಳಕು ಹರಿಯುತ್ತಲೇ, ಹಾಸಿಗೆಯ ಮೇಲೆ ಬೋರಲು ಮಲಗಿ ಹೊರಡುತ್ತೇನೆ. ಇಳಿಸಿಕೊಳ್ಳಲು ಇಬ್ಬರು ಗಟ್ಟಿಗರು ಬೇಕು. ಅಕ್ಕ "ಯಾರು ಇವರು" ಎಂದು ಕೇಳಿದರೆ ನೀವ್ಯಾರೂ ಉತ್ತರ ಕೊಡಬೇಡಿ. ನಾನೇ ಹೇಳುತ್ತೇನೆ, ಅವಳು ಎಷ್ಟು ಸಲ ಕೇಳಿದರೆ ಅಷ್ಟು ಸಲ.