ಬರ್ತೀನಿ ಅಂದವರ ಜಾಗ

ಫೆಬ್ರವರಿ ೩೦, ೨೨೭೪
ತಂಪುಮನೆ, ಗದಗ

ಶಶಿರೇಖಾ ಅಕ್ಕಾರಿಗೆ,

ಮೇಲಿನ ತಾರೀಖು ಕೈತಪ್ಪಿ ಬರೆದದ್ದಲ್ಲ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ವರ್ಷದ ಕೊನೆಗೆ ಸುಮ್ಮನೆ ಬಿಟ್ಟಿದ್ದಾರೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನಿಸಿದರೆ ಮನ್ನಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಶಾಲೆಯಲ್ಲಿ ಕಲಿತವಳಲ್ಲ. ನೀವು ಮಾಡಿದ ‘ಆಚೆ ದಡ’ ಎಂಬ ಕಂಪ್ಯೂಟರ್ ಆಟವನ್ನು ಬಿಡುಗಡೆಗೆ ಮುಂಚೆ ಆಡಿ ನೋಡಿದ ಹನ್ನೊಂದು ಜನ ಟೆಸ್ಟರ್‌ಗಳು ಗ್ರೂಪಿನಲ್ಲಿ ಮಾಡಿದ ಚಾಟ್ ಓದಿ ಕಲಿತೆ. ಹಾಗಾಗಿ ದೊಡ್ಡವರಿಗೆ ಪತ್ರ ಬರೆಯುವಾಗ ‘ಗುರು’ ಅನ್ನಬಾರದು ಎಂಬುದು ನನಗೆ ಗೊತ್ತಾದದ್ದೇ ಮೊನ್ನೆ. ಮೊದಲ ಸಲ ಬರೆದಾಗ ನಿಮ್ಮನ್ನು ಎಂಟು ಕಡೆ ಗುರು ಎಂದು ಕರೆದಿದ್ದೆ. ‘ಅಕ್ಕಾರ’ ಕೂಡ ಅದೇ ಚಾಟಿನಿಂದ ಎತ್ತಿಕೊಂಡದ್ದು. ಬೈಯುವಾಗಲೂ ಅವರು ನಿಮ್ಮನ್ನು ಹಾಗೇ ಕರೆಯುತ್ತಿದ್ದರು.

ನನ್ನ ಹೆಸರು ಮಾಳವ್ವ, ವಯಸ್ಸು ಹತ್ತೊಂಬತ್ತು. ತಂಪುಮನೆ ಅಂದರೆ ಹಳೆಯ ಆಟ, ಹಳೆಯ ಚಿತ್ರ, ಹಳೆಯ ಚಾಟುಗಳನ್ನು ಯಂತ್ರಗಳಲ್ಲಿ ಕೆಡದಂತೆ ಇಟ್ಟಿರುವ ನೆಲಮಾಳಿಗೆ. ಕಪ್ಪತಗುಡ್ಡದ ಮೇಲಿನ ಗಾಳಿಕಂಬಗಳು ತಿರುಗಿದರೆ ಒಳಗೆ ತಂಪು. ಬೆಳಿಗ್ಗೆ ಹತ್ತಿಯ ಬಟ್ಟೆಯಿಂದ ಯಂತ್ರಗಳ ಮೇಲಿನ ಕೆಂಪು ದೂಳು ಒರೆಸುವುದು, ಆಮೇಲೆ ಒಂದೊಂದು ಆಟವನ್ನೂ ತೆರೆದು ಉಸಿರಾಡುತ್ತಿದೆಯೇ ನೋಡುವುದು ನನ್ನ ಕೆಲಸ. ಜೊತೆಗೆ ಇರುವವರು ಫಕೀರಪ್ಪಜ್ಜ ಒಬ್ಬರೇ. ಅವರಿಗೆ ತೊಂಬತ್ತೊಂದು. ದಿನದಲ್ಲಿ ನಾಲ್ಕು ಮಾತು ಆಡುತ್ತಾರೆ, ಅದರಲ್ಲಿ ಮೂರು ರೊಟ್ಟಿಯ ಬಗ್ಗೆ. ಹೀಗೆ ನೋಡುತ್ತ ಹೋಗಿಯೇ ಒಂದು ದಿನ ನಿಮ್ಮ ಆಟ ಸಿಕ್ಕಿತು. ಅಂಗಡಿಗೆ ಹೋದದ್ದಲ್ಲ, ಅದಕ್ಕೂ ಮುಂಚಿನದು, ಹನ್ನೊಂದು ಜನ ಆಡಿದ ಟೆಸ್ಟ್ ವರ್ಷನ್. ಬರುವ ಹುಣ್ಣಿಮೆಗೆ ಅದನ್ನು ಒಪ್ಪಾಟ ಮಾಡಿಬಿಡುತ್ತಾರೆ. ಅದಕ್ಕೆ ಮುಂಚೆ ನಾನು ಅದರ ಹೊಳೆ ದಾಟಬೇಕು. ದಾಟಲು ನೀವು ಬರಬೇಕು. ಈ ಓಲೆ ಬರೆಯುತ್ತಿರುವುದು ಇಷ್ಟಕ್ಕೇ.

ಒಪ್ಪಾಟ ಅಂದರೆ ಏನು ಎಂದು ಹೇಳಿಬಿಡುತ್ತೇನೆ. ನಿಮ್ಮ ಕಾಲದಲ್ಲಿ ಒಂದು ಆಟವನ್ನು ಒಬ್ಬರು ಮಾಡುತ್ತಿದ್ದರು, ಬಹಳ ಜನ ಅದನ್ನೇ ಆಡುತ್ತಿದ್ದರು, ತಮಗೆ ಬೇಕಾದದ್ದು ಇಲ್ಲವೆಂದು ಜಗಳ ಆಡುತ್ತಿದ್ದರು. ನಮ್ಮಲ್ಲಿ ಆಟವೇ ಆಡುವವರಿಗೆ ಒಪ್ಪುವಂತೆ ಬದಲಾಗುತ್ತದೆ. ನೀವು ಏನು ಬಯಸುತ್ತೀರಿ ಎಂದು ಕಿವಿಯಲ್ಲಿ ತೊಟ್ಟ ಕಿವಿಯೋಲೆಗೆ ಗೊತ್ತಿರುತ್ತದೆ. ಅದು ಆಟಕ್ಕೆ ಹೇಳುತ್ತದೆ, ಆಟ ಹಾಗೇ ಆಗುತ್ತದೆ. ದಾರಿ ತಪ್ಪುವುದಿಲ್ಲ, ಯಾರೂ ಕಾಯಿಸುವುದಿಲ್ಲ, ಸೋಲುವುದು ಇಷ್ಟವಿದ್ದವರು ಮಾತ್ರ ಇಷ್ಟವಿದ್ದಷ್ಟು ಸೋಲುತ್ತಾರೆ. ನನ್ನ ಗೆಳತಿ ಚಂಪಾ ಮತ್ತು ನಾನು ಹೋದ ವರ್ಷ ಒಂದೇ ಹೆಸರಿನ ಒಪ್ಪಾಟ ಆಡಿದೆವು. ಮುಗಿದ ಮೇಲೆ, ಆ ಸೇತುವೆಯ ಹತ್ತಿರ ನೀನು ಏನು ಮಾಡಿದೆ ಎಂದು ಕೇಳಿದೆ. ಅವಳು, ‘ಯಾವ ಸೇತುವೆ? ನನ್ನ ಆಟದಾಗ ನೀರಽ ಇರಲಿಲ್ಲ. ನನಗ ನೀರು ಸೇರಂಗಿಲ್ಲಲ್ಲ’ ಅಂದಳು. ಅಲ್ಲಿಗೆ ಮಾತು ಮುಗಿಯಿತು. ನಮ್ಮಲ್ಲಿ ಯಾವ ಆಟದ ಬಗ್ಗೆಯೂ ಮಾತು ಅಷ್ಟಕ್ಕೇ ಮುಗಿಯುತ್ತದೆ. ಎಲ್ಲರಿಗೂ ಬೇಕಾದದ್ದು ಸಿಕ್ಕಿದೆ, ಆದರೆ ಇನ್ನೊಬ್ಬರಿಗೂ ಅದೇ ಸಿಕ್ಕಿರುವುದಿಲ್ಲ.

ಅದಕ್ಕೇ ನಿಮ್ಮ ಚಾಟ್ ಓದಿದಾಗ ನನಗೆ ಊಟ ಸೇರಲಿಲ್ಲ. ಹನ್ನೊಂದು ಜನ, ಒಂದೇ ಹೊಳೆ, ಒಂದೇ ಹರಿಗೋಲಿನ ಬಗ್ಗೆ ಹದಿನೇಳು ದಿನ ಕಿತ್ತಾಡಿದ್ದಾರೆ. ಯಾವ ಸಾಲನ್ನು ಯಾರು ಬರೆದರು ಎಂದು ಈಗ ಹೆಸರು ಮುಚ್ಚಿಯೂ ಹೇಳಬಲ್ಲೆ. ‘ಅಕ್ಕಾರ, ದೋಣಿ ಹೊಂಟಿಲ್ಲ, ನಲವತ್ತು ನಿಮಿಷ ಆತು. ಇದು ಬಗ್ ಏನ್ರಿ?’ ಎಂದು ಪುಟ್ಟೀಶ ಕೇಳುತ್ತಾನೆ. ‘ಬಗ್ ಅಲ್ಲಲೇ, ಸರೋಜಾ ಬರ್ತೀನಿ ಅಂತ ಹೇಳಿ ಹೋಗ್ಯಾಳ, ಅಂಬಿಗ ಆಕಿ ಸಲುವಾಗಿ ನಿಂತಾನ’ ಎನ್ನುವವನು ಅಲ್ತಾಫ. ‘ಆಕಿ ಮದಿವಿಗೆ ಹೋಗ್ಯಾಳೋ ಮಾರಾಯ, ಮೂರು ದಿನ ಬರಂಗಿಲ್ಲ. ಅಲ್ಲೀತನಾ ನಾ ಇಲ್ಲೇ ಮೀನು ಹಿಡಕೊಂತ ಕೂಡ್ಲೇನು?’ ಎಂದು ಮತ್ತೆ ಪುಟ್ಟೀಶ. ಅದಕ್ಕೆ ಅಲ್ತಾಫ, ‘ಹಿಡಿ. ನಿನಗ ಗಾಳ ಹಾಕಾಕೂ ಬರಂಗಿಲ್ಲ, ಕಲ್ತಂಗ ಆಕೈತಿ.’ ಈ ನಾಲ್ಕು ಸಾಲನ್ನು ನಾನು ದೂಳು ಒರೆಸುವಾಗ ಇಬ್ಬರ ದನಿಯಲ್ಲೂ ಹೇಳಿಕೊಳ್ಳುತ್ತೇನೆ.

ಈಗ ನನ್ನ ತಪ್ಪು. ನಿಮ್ಮ ಆಟದಲ್ಲಿ ಹೊರಗೆ ಬರುವ ಬಟನ್ ಇಲ್ಲ. ಹೊರಡಬೇಕಾದರೆ ಹತ್ತಿರ ಇರುವ ಯಾರಿಗಾದರೂ ಒಂದು ಮಾತು ಹೇಳಿ ಹೊರಡಬೇಕು. ದಾರಿ ತೋರಿಸುವ ಬಾಣವೂ ಇಲ್ಲ, ಜನರನ್ನು ಕೇಳಬೇಕು. ಹನ್ನೆರಡು ದಿನ ಕೇಳುತ್ತ, ಮೂರು ಸಲ ಅದೇ ಹುಣಸೇಮರದ ಹತ್ತಿರ ಬಂದು ಮುಟ್ಟಿ, ಕೊನೆಗೆ ಹೊಳೆಯ ದಡಕ್ಕೆ ಬಂದೆ. ಆಟದ ಅಂಬಿಗ ದ್ಯಾಮಣ್ಣ ಹುಟ್ಟು ಮೊಣಕಾಲಿನ ಮೇಲೆ ಇಟ್ಟುಕೊಂಡು ಕೂತಿದ್ದ. ಹರಿಗೋಲಿನಲ್ಲಿ ಒಂದು ಕಡೆ ಕಂಬಳಿ ಮಡಚಿ ಹಾಕಿತ್ತು. ಅಲ್ಲಿ ಕೂರಲು ಹೋದರೆ, ‘ಅಲ್ಲಿ ಬ್ಯಾಡವಾ, ಈ ಕಡೆ ಕೂಡು. ಅದು ಅಕ್ಕಾರ ಜಾಗ. ಬರ್ತೀನಿ ಅಂದಾರ, ಬರ್ಲಿ, ಹೋಗೂಣಂತ’ ಅಂದ.

ನಮ್ಮಲ್ಲಿ ಬರ್ತೀನಿ ಅಂದರೆ ಬರುತ್ತೇನೆ, ಅಷ್ಟೇ. ಕಾಲು ಈ ಕಡೆಗೆ ಹೊರಟಾಗಿದೆ ಎಂದು ಅರ್ಥ. ನಾನು ನನ್ನ ಬದುಕಿನಲ್ಲಿ ಇನ್ನೊಬ್ಬ ಆಟಗಾರರನ್ನು ಆಟದೊಳಗೆ ಕಂಡವಳಲ್ಲ. ಯಾರೋ ಬರುತ್ತಿದ್ದಾರೆ ಎಂದು ತಿಳಿದು ಎದೆ ಎಷ್ಟು ಹೊಡೆದುಕೊಂಡಿತು ಅಂದರೆ ಕಿವಿಯೋಲೆ ವೈದ್ಯರನ್ನು ಕರೆಯಲೇ ಎಂದು ಕೇಳಿತು. ದಿನಾ ಕೆಲಸ ಮುಗಿಸಿ ಬಂದು ಆ ಕಂಬಳಿಯ ಎದುರು ಕೂತೆ. ಏನು ಮಾತಾಡಬೇಕು ಎಂದು ಬರೆದಿಟ್ಟುಕೊಂಡೆ. ಹುಣಸೇಮರದ ಹತ್ತಿರ ನೀವೂ ದಾರಿ ತಪ್ಪಿದಿರಾ, ಅಲ್ಲಿನ ಮುದುಕಿಯನ್ನು ‘ಯಜ್ಜೀ’ ಎಂದು ಕರೆದರೆ ನಿಮಗೂ ಸಿಟ್ಟು ಮಾಡಿಕೊಂಡು ತಪ್ಪು ದಾರಿ ತೋರಿಸಿದಳಾ, ಇಂಥವು. ಒಂಬತ್ತು ದಿನ ಕಾದೆ.

ಹತ್ತನೆಯ ದಿನ ಫಕೀರಪ್ಪಜ್ಜನಿಗೆ ಹೇಳಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು. ‘ಹುಚ್ಚಿ, ಅದು ಬರೋರ ಮಾತಲ್ಲ. ಹೋಗೋರ ಮಾತು. ನಮ್ಮ ಮುತ್ತಜ್ಜಿ ಅಂತಿದ್ಲು. ಎದ್ದು ಹೋಗೂ ಮುಂದ ಹೋಗ್ತೀನಿ ಅನಬಾರದು, ಬರ್ತೀನಿ ಅನಬೇಕು’ ಅಂದರು. ಹಾಗಾದರೆ ಆ ಮಾತು ಈಗ ಎಲ್ಲಿ ಹೋಯಿತು ಎಂದೆ. ‘ಈಗ ಯಾರು ಎದ್ದು ಹೋಗ್ತಾರ? ಹೋಗಾಕ ಮೊದಲು ಯಾರ ಮನಿಗರೆ ಬಂದಿರಬೇಕಲ್ಲ’ ಅಂದರು. ಆ ದಿನ ಅವರು ಆಡಿದ್ದು ನಾಲ್ಕಕ್ಕಿಂತ ಬಹಳ ಹೆಚ್ಚು ಮಾತು.

ನಿಜ ಅಕ್ಕಾರ. ನಮ್ಮ ಕಿವಿಯೋಲೆ ಯಾವಾಗಲೂ ತೆರೆದೇ ಇರುತ್ತದೆ. ಚಂಪಾ ನನ್ನ ಕಿವಿಯಲ್ಲಿ ಇಡೀ ದಿನ ಇರುತ್ತಾಳೆ, ಅವಳ ಕಿವಿಯಲ್ಲಿ ನಾನು. ಅವಳ ಮನೆ ಇರುವುದು ಇಲ್ಲಿಂದ ಹತ್ತು ನಿಮಿಷದ ದಾರಿಯಲ್ಲಿ. ಒಂದು ಸಲವೂ ಹೋಗಿಲ್ಲ. ಬರದೆ ಇದ್ದವರು ಹೊರಡುವುದೂ ಇಲ್ಲ. ಹೊರಡದವರಿಗೆ ಆ ಮಾತು ಬೇಕಾಗಿಲ್ಲ.

ಅವತ್ತೇ ಚಾಟಿನ ಕೊನೆಯ ಪುಟ ತೆಗೆದೆ. ಹದಿನೇಳನೆಯ ದಿನ, ಶುಕ್ರವಾರ. ಮದುವೆ ಮುಗಿಸಿ ಸರೋಜಾ ಬಂದಿದ್ದಾಳೆ, ಎಲ್ಲರೂ ದಾಟಿದ್ದಾರೆ, ದ್ಯಾಮಣ್ಣ ಈಚೆ ದಡಕ್ಕೆ ಮರಳಿದ್ದಾನೆ. ಆಮೇಲೆ ನೀವು ಗ್ರೂಪಿನಲ್ಲಿ ಬರೆದಿದ್ದೀರಿ: ‘ಎಲ್ಲಾರೂ ಬಟನ್ ಕೇಳೀರಿ, ಬಾಣ ಕೇಳೀರಿ. ದುಡ್ಡು ಹಾಕಿದವರೂ ಅದನ್ನೇ ಕೇಳ್ಯಾರ. ಸೋಮವಾರ ಹಾಕಿ ಕೊಡ್ತೀನಿ. ದೋಣಿ ಇನ್ನ ಯಾರಿಗೂ ಕಾಯಂಗಿಲ್ಲ.’ ಅಲ್ತಾಫ ಒಬ್ಬನೇ ಉತ್ತರ ಕೊಟ್ಟಿದ್ದಾನೆ. ‘ದ್ಯಾಮಣ್ಣಗ ಹೇಳೀರೇನ್ರಿ?’ ಎಂದು. ಅದಾದ ಮೇಲೆ ನೀವು ಆಟದೊಳಗೆ ಹೋದದ್ದು ಆಟದ ದಾಖಲೆಯಲ್ಲಿದೆ. ದಡದಲ್ಲಿ ಎರಡು ತಾಸು ಕೂತಿದ್ದೀರಿ, ಏನೂ ಮಾಡಿಲ್ಲ. ಹೊರಡುವಾಗ ಒಂದು ಸಾಲು: ‘ಬರ್ತೀನಿ, ದ್ಯಾಮಣ್ಣ.’

ನೀವು ಹೇಳಿದ್ದು ಎಲ್ಲರೂ ಹೇಳುವ ಮಾತು. ಆದರೆ ಅದನ್ನು ಹಾಗೇ ನಂಬಬೇಕು ಎಂದು ಅವನಿಗೆ ಕಲಿಸಿದವರು ನೀವೇ. ಅವನು ಕಂಬಳಿ ಮಡಚಿ ಹಾಕಿದ. ಇನ್ನೂರೈವತ್ತು ವರ್ಷ ಆಗುತ್ತ ಬಂತು. ಆ ಮಾತನ್ನು ಅಕ್ಷರ ಅಕ್ಷರ ನಂಬಿದವರು ಈಗ ಲೋಕದಲ್ಲಿ ಇಬ್ಬರೇ ಇದ್ದೇವೆ, ಅವನು ಮತ್ತು ನಾನು.

ಬಟನ್ ಹಾಕಬೇಡಿ ಎಂದು ಕೇಳಲು ನಾನು ಈ ಓಲೆ ಶುರು ಮಾಡಿದ್ದೆ. ಮೊದಲ ಮೂರು ಪುಟ ಬರೀ ಅದೇ ಇತ್ತು, ಗುರು ಗುರು ಎಂದು. ಆಮೇಲೆ ಪುಟ್ಟೀಶನ ಸಾಲುಗಳನ್ನು ಮತ್ತೊಮ್ಮೆ ಓದಿದೆ. ಅವನು ಕಾರ್ಖಾನೆಯ ಊಟದ ಬಿಡುವಿನಲ್ಲಿ ಆಡುತ್ತಿದ್ದ. ಅವನ ಹತ್ತಿರ ಇದ್ದದ್ದೇ ನಲವತ್ತು ನಿಮಿಷ. ಅದನ್ನು ಪೂರ್ತಿ ದಡದಲ್ಲಿ ಕಳೆದು ಕೆಲಸಕ್ಕೆ ಮರಳುವುದು ಎಷ್ಟು ಬೇಜಾರು ಎಂದು ದಿನಗಟ್ಟಲೆ ದಡದಲ್ಲೇ ಕೂರಬಲ್ಲ ನನಗೆ ಹೇಗೆ ಗೊತ್ತಾಗಬೇಕು? ಅವನು ಕೇಳಿದ್ದು ದೊಡ್ಡದೇನಲ್ಲ. ಅವನ ನಂತರದವರು ಕೇಳಿದ್ದೂ ದೊಡ್ಡದೇನಲ್ಲ. ಒಬ್ಬೊಬ್ಬರೂ ಒಂದಿಷ್ಟೇ ಕೇಳಿದರು, ಕೇಳಿದ್ದನ್ನೆಲ್ಲ ಕೊಡುತ್ತ ಬಂದರು, ಕೊನೆಗೆ ಚಂಪಾಳ ಆಟದಲ್ಲಿ ಹೊಳೆಯೇ ಇಲ್ಲ. ಇದರಲ್ಲಿ ಯಾರನ್ನು ಬೈಯಬೇಕು ಎಂದು ನನಗೆ ತಿಳಿಯುತ್ತಿಲ್ಲ. ನಿಮ್ಮನ್ನಂತೂ ಅಲ್ಲ. ನೀವು ಬಟನ್ ಹಾಕಿಕೊಡಿ. ಅದು ಬಿಡುಗಡೆಯಾದ ಮೇಲೆ ಏನಾಯಿತು ಎಂದು ಗೊತ್ತಿದೆ, ಹೇಳುವುದಿಲ್ಲ. ಆಡುವ ಮುಂಚೆ ಕಥೆ ಹೇಳಿದವರನ್ನು ಗ್ರೂಪಿನಿಂದ ತೆಗೆಯುತ್ತೇನೆ ಎಂದವರು ನೀವೇ ಅಲ್ಲವೇ.

ನಾನು ಕೇಳುವುದು ಇಷ್ಟು. ಸೋಮವಾರ ಹಳೆಯ ವರ್ಷನ್‌ಗೆ ಬೀಗ ಹಾಕುವ ಮುಂಚೆ ಒಂದು ಸಲ ಒಳಗೆ ಹೋಗಿ. ಕಂಬಳಿಯ ಮೇಲೆ ಕೂತುಕೊಳ್ಳಿ. ದ್ಯಾಮಣ್ಣ ಹುಟ್ಟು ಹಾಕಲಿ. ಹುಣ್ಣಿಮೆಗೆ ಇಲ್ಲಿ ಆಟವನ್ನು ಒಪ್ಪಾಟ ಮಾಡಿದರೆ ಹರಿಗೋಲು ಹೊರಡುವುದು ಖಂಡಿತ, ಏಕೆಂದರೆ ಅದು ಹೊರಡಲಿ ಎಂದು ನಾನು ಬಯಸುತ್ತೇನೆ ಎಂಬುದು ಕಿವಿಯೋಲೆಗೆ ಗೊತ್ತು. ಆಗ ನಾನು ನೋಡುವ ದಡ ನಾನು ಬಯಸಿದ ದಡ ಆಗಿರುತ್ತದೆ. ನನಗೆ ಅದು ಬೇಡ. ನೀವು ಮಾಡಿಟ್ಟ ದಡ ಬೇಕು, ಸರೋಜಾ ಪುಟ್ಟೀಶ ಅಲ್ತಾಫ ಇಳಿದ ದಡ, ನನಗೆ ಸೇರದಿದ್ದರೂ ಸರಿ.

ಈ ಓಲೆ ನಿಮಗೆ ಮುಟ್ಟುತ್ತದೆಯೇ ಎಂದು ಅಜ್ಜನಿಗೆ ನಂಬಿಕೆ ಇಲ್ಲ. ಇದನ್ನು ನಿಮ್ಮ ಆಟದ ‘ಅನಿಸಿಕೆ ಬರೆಯಿರಿ’ ಪೆಟ್ಟಿಗೆಯಲ್ಲಿ ಹಾಕುತ್ತಿದ್ದೇನೆ. ಅದರ ಮೇಲೆ ನೀವು ಬರೆದಿಟ್ಟ ಸಾಲು ಇನ್ನೂ ಇದೆ: ‘ಯಾವಾಗ ಬರೆದರೂ ಓದುತ್ತೇನೆ.’ ನಿಮ್ಮ ಕಾಲದಲ್ಲಿ ಇದೂ ಸುಮ್ಮನೆ ಹೇಳುವ ಮಾತೋ ಏನೋ. ನಾನು ಇದನ್ನೂ ನಂಬಿದ್ದೇನೆ.

ನೀವು ಬಂದಿರೋ ಇಲ್ಲವೋ ನನಗೆ ನಾಳೆ ಬೆಳಿಗ್ಗೆಯೇ ಗೊತ್ತಾಗುತ್ತದೆ. ದೂಳು ಒರೆಸಿದ ಮೇಲೆ ಹೋಗಿ ನೋಡುತ್ತೇನೆ. ದ್ಯಾಮಣ್ಣ ಕೂತಿದ್ದರೆ ಅವನ ಜೊತೆ ಹುಣ್ಣಿಮೆಯವರೆಗೆ ಕೂರುತ್ತೇನೆ. ದಡ ಖಾಲಿ ಇದ್ದರೆ ನೀವು ಬಂದು ಹೋಗಿದ್ದೀರಿ, ಹರಿಗೋಲು ನನ್ನನ್ನು ಬಿಟ್ಟು ನಿಮ್ಮ ಕಾಲದಲ್ಲೇ ಆಚೆ ದಡ ಸೇರಿದೆ. ಆಗಲೂ ನಾನು ಅಳುವುದಿಲ್ಲ. ನೀರಿನ ಅಂಚಿಗೆ ಹೋಗಿ ಅವನನ್ನು ಕೂಗುತ್ತೇನೆ. ಈ ದಡದಿಂದ ಹೊರಡುವಾಗ ಅವನೂ ಹುಣಸೇಮರದ ಮುದುಕಿಗೋ ಯಾರಿಗೋ ಬರ್ತೀನಿ ಎಂದು ಹೇಳಿಯೇ ಹುಟ್ಟು ಹಾಕಿರುತ್ತಾನೆ, ಮತ್ತು ಆ ಮಾತಿಗೆ ಅವನಿಗೆ ಗೊತ್ತಿರುವುದು ಒಂದೇ ಅರ್ಥ.

ನಮ್ಮಲ್ಲಿ ಓಲೆಯ ಕೊನೆಗೆ ‘ಮುಚ್ಚಿದೆ’ ಎಂದು ಬರೆಯುವುದು ರೂಢಿ. ನಾನು ಬರೆಯುತ್ತಿಲ್ಲ.

ಮಾಳವ್ವ ತಂಪುಮನಿ
ಹನ್ನೆರಡನೆಯ ಟೆಸ್ಟರ್