ಕೊರಳಲ್ಲಿ ಕೂತ ರಾಣಿ

ಚಂದಕವಾಡಿ
19-3-1997, ಬುಧವಾರ

ಪ್ರೀತಿಯ ಯಜಮಾನರಿಗೆ,

ಭಾನು ಮಾಡುವ ನಮಸ್ಕಾರ. ಹೇಗಿದ್ದೀರಿ? ಕೆಮ್ಮು ಕಡಿಮೆಯಾಯಿತೇ? ದಿನವೂ ಹೊಗೆಯಲ್ಲಿ ನಿಲ್ಲುವವರಿಗೆ ಕೆಮ್ಮಬೇಡಿ ಎಂದರೆ ನೀವು ನಗುತ್ತೀರಿ, ಆದರೂ ಹೇಳುತ್ತೇನೆ, ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಿ. ನೀವಿರುವ ಮದ್ದೂರಿನ ಕಡೆ ಕಾಡಿಗೆ ಮತ್ತೆ ಬೆಂಕಿ ಬಿದ್ದಿದೆ ಎಂದು ಬತ್ತೇರಿ ಬಸ್ಸಿನ ಕಂಡಕ್ಟರ್ ಮಾದಣ್ಣ ಸುದ್ದಿ ತಂದಾಗಿನಿಂದ ಅತ್ತೆ ದಿನಾ ಸಂಜೆ ಆ ದಿಕ್ಕಿಗೆ ತಿರುಗಿ ಕೈ ಮುಗಿಯುತ್ತಿದ್ದಾರೆ. ಬೇಸಿಗೆ ಮುಗಿದು ಮಳೆ ಬೀಳುವವರೆಗೆ ಫಾರೆಸ್ಟ್ ವಾಚರುಗಳಿಗೆ ರಜೆ ಇಲ್ಲ ಎನ್ನುವುದು ಈಗ ನನಗೂ ಬಾಯಿಪಾಠವಾಗಿದೆ. ಹಾಗಾಗಿ ಯಾವಾಗ ಬರುತ್ತೀರಿ ಎಂದು ಈ ಸಲ ಕೇಳುವುದಿಲ್ಲ. ಪುಟ್ಟ ಮಗ ನಿಂಗನಿಗೆ ಮೈತುಂಬ ಬೆವರುಸಾಲೆ, ಬೇವಿನ ಸೊಪ್ಪು ಕಾಯಿಸಿ ಹುಯ್ಯುತ್ತಿದ್ದೇನೆ. ಅತ್ತೆಯ ಮೊಣಕಾಲು ನೋವು ಇದ್ದ ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ಭವ್ಯ ಚೆನ್ನಾಗಿದ್ದಾಳೆ ಎಂದು ಬರೆಯಲು ಹೊರಟೆ, ಕೈ ನಿಂತಿತು. ಈ ಕಾಗದವೇ ಅವಳ ಸಂಗತಿಗಾಗಿ.

ಭಾನುವಾರ ಸೋಮಯ್ಯ ಮೇಷ್ಟ್ರ ಮನೆಯಲ್ಲಿ ಮೊಮ್ಮಗನ ನಾಮಕರಣ ಇತ್ತು. ಊಟವಾದ ಮೇಲೆ ಬಂದವರು ನೋಡಲಿ ಎಂದು ಚಾಮರಾಜನಗರದಿಂದ ಕಲರ್ ಟಿವಿ, ವಿಸಿಪಿ ಬಾಡಿಗೆಗೆ ತರಿಸಿದ್ದರು. ದೊಡ್ಡವರಿಗೊಂದು, ಮಕ್ಕಳಿಗೊಂದು ಎಂದು ಕ್ಯಾಸೆಟ್ಟುಗಳನ್ನು ಅಂಗಡಿಯವನೇ ಆರಿಸಿ ಕೊಟ್ಟನಂತೆ. ಮಕ್ಕಳದ್ದು ಕಾರ್ಟೂನಿನ ರಾಜಕುಮಾರಿ ಕಥೆ. ಮೇಷ್ಟ್ರು ಚಡ್ಡಿ ಹಾಕುತ್ತಿದ್ದ ಕಾಲದ ಹಳೆಯ ಚಿತ್ರ, ಮಾತೆಲ್ಲ ಇಂಗ್ಲಿಷು. ಅವರು ಎಲೆಅಡಿಕೆ ಹಂಚುವ ಗಡಿಬಿಡಿಯಲ್ಲಿದ್ದರು. ‘ಎಸ್ಸೆಸ್ಸೆಲ್ಸಿ ಓದ್ಕಂಡಿದ್ದೀಯ ಕಣವ್ವ, ಮಕ್ಕಳ್ಗ ನೀನೇ ಹೇಳು’ ಎಂದು ನನ್ನನ್ನು ಟಿವಿಯ ಪಕ್ಕ ಕೂರಿಸಿಬಿಟ್ಟರು. ನನ್ನ ಇಂಗ್ಲಿಷು ಎಷ್ಟೆಂದು ನಿಮಗೆ ಗೊತ್ತಲ್ಲ, ದೇವರ ದಯೆಯಿಂದ ಪಾಸಾದದ್ದು. ಚಿತ್ರದವರ ಬಾಯಿ ಆಡುವುದನ್ನು ನೋಡಿಕೊಂಡು ನಾನೇ ಮಾತು ಕಟ್ಟುತ್ತ ಹೋದೆ. ಬೀದಿಯ ಮಕ್ಕಳೆಲ್ಲ ಚಾಪೆಯ ಮೇಲೆ ಬಾಯಿ ಬಿಟ್ಟುಕೊಂಡು ಕೂತಿದ್ದರು, ಭವ್ಯ ಎಲ್ಲರಿಗಿಂತ ಮುಂದೆ.

ಚಿತ್ರ ಬರೆದಿರುವುದು ಬಲು ಚೆಂದ ಕಣ್ರೀ. ಎಲ್ಲ ಕೈಯಲ್ಲೇ ಬರೆದದ್ದಂತೆ. ಒಂದೊಂದು ಎಲೆಗೂ ಬೇರೆ ಬೇರೆ ಹಸಿರು. ಬಿಳಿ ಕೊಕ್ಕರೆಯೊಂದು ಕೆರೆಯಿಂದ ಮೇಲೇಳುವಾಗ ಅದರ ಕಾಲಿಂದ ನೀರು ತೊಟ್ಟಿಕ್ಕುವುದನ್ನೂ ಬಿಟ್ಟಿರಲಿಲ್ಲ. ರಾಜಕುಮಾರಿಯ ಸೊಂಟ ಮಾತ್ರ ನನ್ನ ಮುಂಗೈ ಗಾತ್ರ, ಆ ಅರಮನೆಯಲ್ಲಿ ಯಾರೂ ಮುದ್ದೆ ಕಂಡವರಲ್ಲ. ಅಡಿಗೆ ಯಾರು ಮಾಡುತ್ತಾರೆ ಎಂದು ಕಡೆಯವರೆಗೂ ತೋರಿಸಲಿಲ್ಲ. ಕಥೆ ಏನೆಂದರೆ, ರಾಜಕುಮಾರಿಗೆ ತಾಯಿ ಇಲ್ಲ. ರಾಜ ಇನ್ನೊಬ್ಬಳನ್ನು ತಂದು ಮನೆ ತುಂಬಿಸಿ, ತಾನು ಕುದುರೆ ಹತ್ತಿ ಯುದ್ಧಕ್ಕೆ ಹೊರಟುಹೋಗುತ್ತಾನೆ. ಈ ಹೊಸ ರಾಣಿಯ ಕೊರಳಲ್ಲಿ ಒಂದು ನೀಲಿ ಗಾಜಿನ ಹರಳು. ಅದರೊಳಗೆ ಹಳೆಯ ರಾಣಿ ಬೆರಳುದ್ದವಾಗಿ ಕೂತಿದ್ದಾಳೆ. ಅವಳು ಸತ್ತಿಲ್ಲ, ಇವಳು ಮಂತ್ರ ಹಾಕಿ ಸೆರೆ ಇಟ್ಟಿದ್ದಾಳೆ. ಒಳಗಿಂದ ಮಗಳನ್ನು ನೋಡಿ ಗಾಜು ತಟ್ಟುತ್ತಾಳೆ, ಮಗಳಿಗೆ ಕೇಳಿಸುವುದಿಲ್ಲ. ಕೊನೆಗೆ ಆ ಕೊಕ್ಕರೆಯೇ ಹರಳನ್ನು ಕುಕ್ಕಿ ಒಡೆಯುತ್ತದೆ, ತಾಯಿ ಆಚೆ ಬರುತ್ತಾಳೆ, ಹೊಸ ರಾಣಿ ಬೂದಿಯಾಗುತ್ತಾಳೆ. ಒಬ್ಬ ರಾಜಕುಮಾರನೂ ಬಂದಿದ್ದ, ಏನೂ ಮಾಡಲಿಲ್ಲ, ಒಂದು ಹಾಡು ಹೇಳಿ ಮದುವೆಯಾದ.

ಹೊಸ ರಾಣಿ ಬಾಯಿ ತೆರೆದಾಗಲೆಲ್ಲ ಮಕ್ಕಳು ‘ಏನಂದ್ಲು, ಏನಂದ್ಲು’ ಎಂದು ನನ್ನ ಜೀವ ತಿಂದವು. ಅವಳ ಮಾತನ್ನು ನನ್ನ ಬಾಯಲ್ಲೇ ಆಡಬೇಕಲ್ಲ! ಮಲತಾಯಿ ಎನ್ನುವ ಪದ ತಪ್ಪಿಸಿ ‘ಆ ರಾಣಿ’, ‘ಆ ರಾಣಿ’ ಎಂದು ನಡೆಸಿಕೊಂಡು ಹೋಗುತ್ತಿದ್ದೆ. ಭವ್ಯ ಹಿಂದಕ್ಕೆ ತಿರುಗದೆಯೇ ‘ಮಲತಾಯಿ ತಾನೆ’ ಎಂದಳು. ಹೂಂ ಎಂದೆ. ಆಮೇಲೆ ಮಕ್ಕಳು ನಕ್ಕರೆಂದು ನನಗೂ ಹುರುಪು ಬಂತು. ಕಣ್ಣು ದೊಡ್ಡದು ಮಾಡಿ, ಗಂಟಲು ಕೀರಲು ಮಾಡಿ ಆ ರಾಣಿಯನ್ನು ಆಡಿ ತೋರಿಸಿದೆ. ಮನೆಗೆ ಬಂದ ಮೇಲೆ ಒಂದು ಯೋಚನೆ ಹತ್ತಿತು. ಒಂದು ಎಲೆಗೆ ಅಷ್ಟು ಬಗೆಯ ಹಸಿರು ಹುಡುಕಿದವರು ಆ ಹೆಂಗಸಿಗೆ ಒಂದೇ ಬಣ್ಣ ಸಾಕು ಎಂದುಕೊಂಡರಲ್ಲ. ಅವಳು ಆ ಮನೆಗೆ ಬಂದ ಮೊದಲನೆಯ ದಿನ ಎಲ್ಲಿ ಕೂತಳು, ಯಾರು ಅವಳಿಗೆ ನೀರು ಕೊಟ್ಟರು, ಆ ಹುಡುಗಿ ಬಾಗಿಲ ಸಂದಿಯಿಂದ ನೋಡಿದಾಗ ಅವಳ ಹೊಟ್ಟೆಯಲ್ಲಿ ಏನಾಯಿತು, ಅದನ್ನು ಬರೆಯಬೇಕೆಂದು ಅವರಲ್ಲಿ ಒಬ್ಬರಿಗೂ ತೋಚಲಿಲ್ಲ. ನನಗೆ ಗೊತ್ತು ಏನಾಗುತ್ತದೆಂದು. ಬರುವ ತಿಂಗಳಿಗೆ ನಾನು ಈ ಮನೆಗೆ ಬಂದು ವರ್ಷ ತುಂಬುತ್ತದೆ.

ಸೋಮವಾರ ಬೆಳಿಗ್ಗೆ ಬಾಚಣಿಗೆ ಹಿಡಿದು ಕರೆದರೆ ಭವ್ಯ ಬರಲಿಲ್ಲ. ಆ ಹುಡುಗಿ ದೀಪಾವಳಿಯವರೆಗೆ ನನ್ನ ಕೈಗೆ ತಲೆ ಕೊಟ್ಟವಳಲ್ಲ, ಆಮೇಲೆ ತಾನೇ ಒಂದು ದಿನ ಬಂದು ನನ್ನ ಮುಂದೆ ಬೆನ್ನು ಮಾಡಿ ಕೂತಳು ಎಂದು ನಿಮಗೆ ಬರೆದಿದ್ದೆನಲ್ಲ. ಈಗ ಮತ್ತೆ ಅಜ್ಜಿಯ ಹತ್ತಿರ ಹೋಗಿ ಕೂತಳು. ಅತ್ತೆಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಬೈತಲೆ ಸೊಟ್ಟ, ಒಂದು ಜಡೆ ಮೇಲೆ, ಒಂದು ಜಡೆ ಕೆಳಗೆ. ಹಾಗೇ ಸ್ಕೂಲಿಗೆ ಹೋದಳು. ನನಗೆ ಕೋಪ ಬಂತು, ಸುಳ್ಳೇಕೆ ಹೇಳಲಿ. ಒಂದು ಬೊಂಬೆ ಚಿತ್ರ ನನ್ನ ಅಷ್ಟು ದಿನದ ಪಾಡನ್ನು ಒಂದು ಮಧ್ಯಾಹ್ನದಲ್ಲಿ ನೀರಿಗೆ ಹಾಕಿತಲ್ಲ ಎಂದು ಒಲೆಯ ಮುಂದೆ ಕೂತು ಕಣ್ಣೀರು ಹಾಕಿದೆ.

ಅವತ್ತೇ ಸಂಜೆ ಮಕ್ಕಳು ನಮ್ಮ ಜಗುಲಿಯ ಮೇಲೆ ನ್ಯಾಯ ಸೇರಿಸಿದರು. ಬೀದಿಯ ಯಜಮಾನರು ಕಂಬಳಿ ಹಾಸಿ ಕೂರುವುದು, ತಪ್ಪು ಮಾಡಿದವರು ಟವೆಲ್ಲು ಕೆಳಗಿಟ್ಟು ಕೈಕಟ್ಟಿ ನಿಲ್ಲುವುದು, ಎಲ್ಲ ನೋಡಿ ನೋಡಿ ಕಲಿತಿವೆ. ಕಂಬಳಿಯ ಬದಲು ಗೋಣಿಚೀಲ, ಅದರ ಮೇಲೆ ಯಜಮಾನನಾಗಿ ನಿಮ್ಮ ಮಗಳು. ವಿಚಾರಣೆ ಆ ಚಿತ್ರದ್ದೇ. ರಾಣಿಯನ್ನು ಬೂದಿ ಮಾಡಿದ್ದು ಸರಿಯೋ ತಪ್ಪೋ ಎಂದು ಮೊದಲು ಜೋರು ಜಗಳ. ಸುಟ್ಟಿದ್ದೇ ಸರಿ ಎಂದು ನಾಲ್ಕು ಗಂಡುಹುಡುಗರು. ಬೂದಿಯಾದ ಮೇಲೆ ತಪ್ಪು ಒಪ್ಪಿಕೊಳ್ಳುವವರು ಯಾರು, ದಂಡ ಕಟ್ಟುವವರು ಯಾರು ಎಂದು ಭವ್ಯ. ಕುದುರೆಗೆ ಹುಲ್ಲು ಹಾಕಲಿಲ್ಲ ಎಂದು ನಿಂಗನ ದೂರು. ಇಷ್ಟಾದರೂ ರಾಣಿಯಾಗಿ ನಿಲ್ಲಲು ಒಬ್ಬರೂ ಒಪ್ಪಲಿಲ್ಲ. ಆಗ ಭವ್ಯ ಒಳಗೆ ಬಗ್ಗಿ ನೋಡಿ ‘ಚಿಕ್ಕವ್ವ, ನೀ ಬಾ’ ಎಂದಳು. ಹಿಂದಿನ ದಿನದಿಂದ ಮಾತಾಡದಿದ್ದವಳು ಕರೆದಳೆಂದು ನಾನು ರಾಗಿ ಹಿಟ್ಟಿನ ಕೈಯಲ್ಲೇ ಓಡಿ ಹೋಗಿ ಕೈಕಟ್ಟಿ ನಿಂತೆ. ‘ಅವಳ್ನ ಎಲ್ಲಿ ಮಡಗಿದ್ದೀಯೆ’ ಎಂದು ಕೇಳಿದಳು. ನಾನು ಚಿತ್ರದ ರಾಣಿಯ ಗತ್ತಿನಲ್ಲಿ ‘ನನ್ನ ಕೊರಳಲ್ಲಿ, ಮಹಾಸ್ವಾಮಿ’ ಎಂದೆ. ಮಕ್ಕಳೆಲ್ಲ ನಕ್ಕರು. ಭವ್ಯ ನಗಲಿಲ್ಲ. ಗೋಣಿಚೀಲದಿಂದ ಎದ್ದು ನನ್ನ ಹತ್ತಿರ ಬಂದು, ಮಕ್ಕಳಿಗೆ ಕೇಳದ ಹಾಗೆ ‘ಬುಟ್ಬುಡು ಮತ್ತೆ, ಚಿಕ್ಕವ್ವ’ ಎಂದಳು. ಅವಳ ಕಣ್ಣು ನನ್ನ ತಾಳಿಯ ಪಕ್ಕದ ಬೆಳ್ಳಿ ಬಿಲ್ಲೆಯ ಮೇಲಿತ್ತು.

ನಿಮಗೆ ನೆನಪಿರಬೇಕು. ತಾಳಿ ಕಟ್ಟಿದ ಮೇಲೆ ಅತ್ತೆ ಆಚಾರಿಯಿಂದ ಮಾಡಿಸಿ ತಂದಿದ್ದ ಹೆಣ್ಣಿನ ರೂಪಿನ ಬಿಲ್ಲೆಯನ್ನು ನನ್ನ ಕೊರಳಿಗೆ ಹಾಕಿದರು. ಎರಡನೆಯವಳಾಗಿ ಬಂದವಳು ಹೋದವಳನ್ನು ಕೊರಳಲ್ಲಿಟ್ಟುಕೊಂಡೇ ಬಾಳಬೇಕು, ಹಬ್ಬಕ್ಕೆ ಮೊದಲ ಕುಂಕುಮ ಅವಳಿಗೇ ಇಡಬೇಕು ಎಂದರು. ನಾನು ಒಂದು ಹಬ್ಬವನ್ನೂ ತಪ್ಪಿಸಿಲ್ಲ. ಆದರೆ ಅವತ್ತು ಅಳುತ್ತಿದ್ದ ಭವ್ಯಳಿಗೆ ಅತ್ತೆ ಹೇಳಿದ್ದೇನು? ‘ನಿಮ್ಮವ್ವ ಎಲ್ಗೂ ಓಗಿಲ್ಲ ಕಣಮ್ಮಿ, ಇಗಾ, ಇದ್ರೊಳಗೇ ಅವ್ಳೆ.’ ಸಮಾಧಾನಕ್ಕೆ ಹೇಳಿದ ಮಾತು. ಹುಡುಗಿ ಅದನ್ನು ಹಾಗೇ ಇಟ್ಟುಕೊಂಡಿದ್ದಳು. ಈಗ ಚಿತ್ರ ನೋಡಿದ ಮೇಲೆ ಎಲ್ಲವೂ ಸರಿಯಾಗಿ ಕೂತುಬಿಟ್ಟಿತು, ಒಳಗೆ ಅವ್ವ, ಹೊರಗೆ ನಾನು.

ನಿನ್ನೆ ಅವಳು ಸ್ಕೂಲಿಂದ ಬಂದ ಮೇಲೆ ಹಿತ್ತಲಿನ ಬೇವಿನ ಮರದ ಕೆಳಗೆ ಕೂರಿಸಿಕೊಂಡು, ಬಿಲ್ಲೆಯನ್ನು ಕೊರಳಿಂದ ಬಿಚ್ಚಿ ಅವಳ ಅಂಗೈಯಲ್ಲಿಟ್ಟೆ. ಹಾಗೆ ಬಿಚ್ಚಬಾರದು ಎಂದು ಗೊತ್ತಿದ್ದೇ ಬಿಚ್ಚಿದೆ. ಅವಳು ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿದಳು, ಹಿಂದೆ ಮುಂದೆ ತಿರುಗಿಸಿದಳು, ಉಗುರಲ್ಲಿ ಅಂಚನ್ನು ಎಬ್ಬಿಸಿ ನೋಡಿದಳು. ಇದು ಬರೀ ಬೆಳ್ಳಿ ಕಣಮ್ಮಿ, ಒಳಗೆ ಯಾರೂ ಇಲ್ಲ, ನಿಮ್ಮವ್ವನನ್ನು ನಾನು ಹಿಡಿದಿಟ್ಟಿಲ್ಲ ಎಂದೆ. ಬಿಲ್ಲೆಯ ಮೇಲಿನ ಹೆಣ್ಣಿನ ರೂಪನ್ನು ಬೆರಳಲ್ಲಿ ಸವರಿದಳು. ಆಮೇಲೆ ‘ಇದು ಅವ್ವನ ಮಖನಾ’ ಎಂದು ಕೇಳಿದಳು. ಆಚಾರಿ ಎಲ್ಲರಿಗೂ ಒಂದೇ ಅಚ್ಚಿನಲ್ಲಿ ಒತ್ತುವ ಮುಖ ಅದು. ಅಲ್ಲ ಎಂದೆ. ‘ನನ್ಗ ಅವ್ವನ ಮಖ ಮರ್ತೋಯ್ತಾ ಅದ ಚಿಕ್ಕವ್ವ, ಕೈಬಳೆ ಒಂದೇ ಗ್ಯಾಪ್ಕ ಇರಾದು’ ಎಂದು ಅತ್ತಳು. ನಿಮಗೆ ಹೇಗೆ ಹೇಳಲಿ, ನನಗೂ ಅಳು ತಡೆಯಲಿಲ್ಲ. ಅವಳ ಅವ್ವ ಸುಂದ್ರಕ್ಕನನ್ನು ನಾನೂ ನೋಡಿದವಳಲ್ಲ. ಅವರನ್ನು ಕೊರಳಲ್ಲಿ ಹೊತ್ತವಳು ನಾನು, ಹೊಟ್ಟೆಯಲ್ಲಿ ಹುಟ್ಟಿದವಳು ಅವಳು, ಇಬ್ಬರಿಗೂ ಅವರ ಮುಖ ಗೊತ್ತಿಲ್ಲ. ನಡುಮನೆಯ ಗೋಡೆಯಲ್ಲಿ ಒಂದು ಖಾಲಿ ಮೊಳೆ ಇದೆ, ಅದರ ಕೆಳಗೆ ಹೊಗೆ ಹಿಡಿಯದ ಒಂದು ಬಿಳಿ ಚೌಕ. ನಾನು ಬಂದ ದಿನದಿಂದ ನೋಡುತ್ತಲೇ ಇದ್ದೇನೆ, ಕೇಳಿರಲಿಲ್ಲ.

ಬಿಲ್ಲೆ ಬಿಚ್ಚಿದ್ದು ಅತ್ತೆಗೆ ಗೊತ್ತಾಗಿ ನಿನ್ನೆಯಿಂದ ನನ್ನ ಕೈಯ ನೀರನ್ನೂ ಮುಟ್ಟುತ್ತಿಲ್ಲ. ಮತ್ತೆ ಹಾಕಿಕೊಂಡಿದ್ದೇನೆ, ಭವ್ಯಳೇ ತನ್ನ ಕೈಯಾರೆ ಕಟ್ಟಿದಳು. ಆದರೂ ಹಿರಿಯವಳು ಮುನಿಯುತ್ತಾಳೆ ಎಂದು ಅವರಿಗೆ ಭಯ. ಮುನಿಯುವುದಿದ್ದರೆ ಸುಂದ್ರಕ್ಕ ಇದಕ್ಕೆ ಮುನಿಯುವವರಲ್ಲ ಎಂದು ನನ್ನ ಮನಸ್ಸು ಹೇಳುತ್ತದೆ. ಅಂದಹಾಗೆ ಸೋಮವಾರದ ನ್ಯಾಯದ ತೀರ್ಪು ಬರೆಯಲೇ ಇಲ್ಲ. ರಾಣಿಗೆ ದಂಡ ಎರಡು ಬೆಲ್ಲದುಂಡೆ, ಕೊಟ್ಟೆ. ಅಷ್ಟಕ್ಕೇ ಮುಗಿಯಲಿಲ್ಲ. ‘ರಾಜನ್ದೂ ತಪ್ಪದ. ಅವ್ನು ಊರಲ್ಲಿರ್ನಿಲ್ಲ, ಮಗಳ್ಗ ಏನೂ ಹೇಳ್ನಿಲ್ಲ. ಅವ್ನ್ನೂ ಕರೀರಿ’ ಎಂದು ಗೋಣಿಚೀಲದ ಯಜಮಾನರ ಅಪ್ಪಣೆಯಾಗಿದೆ. ನಾನು ರಾಜನ ಪರವಾಗಿ, ಅವನು ಕಾಡಿನ ಬೆಂಕಿ ಆರಿಸಲು ಹೋಗಿದ್ದಾನೆ ಎಂದು ವಾಯಿದೆ ಕೇಳಿದ್ದೇನೆ.

ಮುನಿಸಿಕೊಂಡಿದ್ದರೂ ಅತ್ತೆ ನಿಮಗೆ ಆಶೀರ್ವಾದ ಬರೆಯಲು ಹೇಳಿದ್ದಾರೆ. ನಿಂಗನದು ಒಂದು ಮುತ್ತು. ಬೆಂಕಿಯ ಎದುರಿಗೆ ಒಬ್ಬರೇ ಹೋಗಬೇಡಿ, ಹೊತ್ತಿಗೆ ಸರಿಯಾಗಿ ಉಣ್ಣಿ.

ಇಂತಿ ನಿಮ್ಮ,
ಭಾನು

ಮತ್ತೆ: ಮಾದಣ್ಣ ಬಾಗಿಲಲ್ಲಿ ನಿಂತು ಬಸ್ಸಿಗೆ ಹೊತ್ತಾಯಿತು ಎನ್ನುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅಟ್ಟದ ಮೇಲಿನ ಕಬ್ಬಿಣದ ಟ್ರಂಕಿನ ಕೀ ನಿಮ್ಮ ಉಡುದಾರದಲ್ಲಿದೆ, ಅದನ್ನು ಅವನ ಕೈಯಲ್ಲೇ ಕಳಿಸಿ. ಇವತ್ತು ಬೆಳಿಗ್ಗೆ ಬೈಯುವ ಭರದಲ್ಲಿ ಅತ್ತೆಯ ಬಾಯಿಂದ ಬಂತು, ‘ನಿನ್ಗ ಕಷ್ಟ ಆಯ್ತದ ಅಂತ ಸುಂದ್ರಿ ಪಟನ ಅವ್ನೇ ಕಿತ್ತು ಟ್ರಂಕ್ನೊಳಗ ಬೀಗ ಹಾಕ್ಬುಟ್ಟೋದ’ ಎಂದು. ನನ್ನ ಒಳ್ಳೆಯದಕ್ಕೇ ಮಾಡಿದಿರಿ, ಗೊತ್ತು. ನನಗೆ ಕಷ್ಟವಾಗುವುದಿಲ್ಲ ರೀ. ಕೀ ಬರದಿದ್ದರೆ ಶನಿವಾರ ಕಮ್ಮಾರ ಬೆಟ್ಟಯ್ಯನನ್ನು ಕರೆಸಿ ಬೀಗ ಒಡೆಸುತ್ತೇನೆ, ಆಮೇಲೆ ಯಾವ ನ್ಯಾಯದಲ್ಲಿ ಬೇಕಾದರೂ ನಿಲ್ಲುತ್ತೇನೆ. ಭವ್ಯಳಿಗೆ ಪಟದ ಸಂಗತಿ ಇನ್ನೂ ಹೇಳಿಲ್ಲ. ಅವಳ ಅವ್ವನನ್ನು ಸೆರೆ ಇಟ್ಟವರು ನೀವು ಎಂದು ಅವಳಿಗೆ ನನ್ನ ಬಾಯಿಂದ ಗೊತ್ತಾಗುವುದು ಬೇಡ.